ಮತ್ಸುಮೊತೊ: ಸ್ಟೇಷನ್ ಬಳಿಯ ಹೋಟೆಲಿನಲ್ಲಿ ಉಳಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮತ್ಸುಮೊತೊ ಇರುವುದು ಜಪಾನಿನ ನಾಗಾನೊ ಪ್ರಾಂತ್ಯದಲ್ಲಿ, ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿ. ಪಶ್ಚಿಮಕ್ಕೆ ಉತ್ತರ ಆಲ್ಪ್ಸ್ ಪರ್ವತಗಳು, ಊರ ನಡುವೆ ಕಪ್ಪು ಬಣ್ಣದ ಕೋಟೆ. ಜಪಾನಿನಲ್ಲಿ ಹಳೆಯ ಮೂಲ ಗೋಪುರ ಉಳಿಸಿಕೊಂಡಿರುವ ಕೋಟೆಗಳು 12 ಮಾತ್ರ. ಅವುಗಳಲ್ಲಿ ರಾಷ್ಟ್ರೀಯ ನಿಧಿ ಎನಿಸಿಕೊಂಡವು 5, ಮತ್ಸುಮೊತೊ ಆ ಐದರಲ್ಲಿ ಒಂದು. ಇಲ್ಲಿನ ರೈಲು ನಿಲ್ದಾಣದ ಸುತ್ತ ಇರುವ ಸಾಧಾರಣ ಬಿಸಿನೆಸ್ ಹೋಟೆಲುಗಳಲ್ಲಿ ಎರಡು ಮೂರು ರಾತ್ರಿ ಕಳೆಯುವವರಿಗಾಗಿ ಈ ಪುಟ.

## ಕೋಟೆ ನೋಡಲು ಬರುವವರು ಕೋಟೆ ಪಕ್ಕದಲ್ಲೇ ಉಳಿಯಬಾರದೇಕೆ?

ಉಳಿಯಬಹುದು, ತಪ್ಪೇನಿಲ್ಲ. ಆದರೆ ಕೋಟೆ ಸ್ಟೇಷನ್ನಿನಿಂದ ಸುಮಾರು 1 ಕಿಲೋಮೀಟರ್ ಅಷ್ಟೇ. ಮತ್ಸುಮೊತೊಗೆ ರೈಲು ಬಂದದ್ದು 1902ರಲ್ಲಿ. ಅಷ್ಟು ಹೊತ್ತಿಗೆ ಕೋಟೆಯ ಸುತ್ತಲಿನ ಪೇಟೆಗೆ ಮುನ್ನೂರು ವರ್ಷ ತುಂಬಿತ್ತು, ಹಳಿ ಹಾಕಲು ಜಾಗ ಸಿಕ್ಕಿದ್ದು ಊರಂಚಿನಲ್ಲಿ. ಜಪಾನಿನ ಎಷ್ಟೋ ಕೋಟೆ ಪಟ್ಟಣಗಳಲ್ಲಿ ಸ್ಟೇಷನ್ನಿಗೂ ಕೋಟೆಗೂ ಹೀಗೇ ಕಾಲು ಗಂಟೆಯ ನಡಿಗೆ ಇರುತ್ತದೆ.

ಕೋಟೆಗೆ ನೀವು ಹೋಗುವುದು ಒಮ್ಮೆ, ರಾತ್ರಿ ದೀಪಾಲಂಕಾರ ನೋಡುವುದಿದ್ದರೆ ಇನ್ನೊಮ್ಮೆ. ಸ್ಟೇಷನ್ನು, ಅದರೆದುರಿನ ಬಸ್ ಟರ್ಮಿನಲ್ಲು ಮಾತ್ರ ದಿನವೂ ಬೇಕು: ಬಂದಾಗ, ಹೊರಡುವಾಗ, ಪರ್ವತಗಳ ನಡುವಿನ ಕಾಮಿಕೋಚಿ ಕಣಿವೆಗೆ ಹೋಗುವ ಬೆಳಿಗ್ಗೆ, ನಾಗಾನೊ ಅಥವಾ ತಕಾಯಾಮಾ ಸುತ್ತಿ ತಡವಾಗಿ ಮರಳುವ ಸಂಜೆ. ಆದ್ದರಿಂದ ಕೋಟೆಗೆ ಖಾಲಿ ಕೈಯಲ್ಲಿ ನಡೆಯಿರಿ, ಪೆಟ್ಟಿಗೆ ಎಳೆಯುವ ದಾರಿಯನ್ನು ಚಿಕ್ಕದಾಗಿಡಿ. ಎಲ್ಲಿಗೂ ಹೋಗದೆ ಬಿಸಿನೀರ ಬುಗ್ಗೆಯಲ್ಲಿ ಮುಳುಗಿ, ಬಡಿಸಿದ ಊಟ ಮಾಡಿ ಮಲಗುವ ಯೋಚನೆ ಇದ್ದರೆ ಸ್ಟೇಷನ್ ಹೋಟೆಲಿನಲ್ಲಿ ಅದು ಸಿಗದು. ಅಂಥವರು ಊರಾಚೆಯ ಅಸಾಮಾ ಆನ್ಸೆನ್ ಅಥವಾ ಉತ್ಸುಕುಶಿಗಹಾರಾ ಆನ್ಸೆನ್‌ನ ರ್ಯೋಕನ್‌, ಅಂದರೆ ಸಾಂಪ್ರದಾಯಿಕ ಜಪಾನೀ ವಸತಿಗೃಹ, ಹುಡುಕಿ.

## ‘ಸ್ಟೇಷನ್ನಿನಿಂದ 5 ನಿಮಿಷ’ ಎಂದು ಬರೆದಿದ್ದರೆ ನಂಬಬಹುದೆ?

ಜಪಾನಿನಲ್ಲಿ ನಡಿಗೆಯ ನಿಮಿಷಕ್ಕೆ 80 ಮೀಟರ್ ಎಂದು ಎಣಿಸುವ ರೂಢಿ ಇದೆ. 5 ನಿಮಿಷ ಎಂದರೆ 400 ಮೀಟರ್. ಸಿಗ್ನಲ್ಲಿನಲ್ಲಿ ನಿಲ್ಲುವುದು, ಮೆಟ್ಟಿಲು, ಮಗುವಿನ ಕೈ ಹಿಡಿದು ನಡೆಯುವುದು, ಇವು ಯಾವುವೂ ಆ ಲೆಕ್ಕದಲ್ಲಿಲ್ಲ. ಎರಡು ದೊಡ್ಡ ಪೆಟ್ಟಿಗೆ ಇದ್ದರೆ 5 ನಿಮಿಷವನ್ನು 10 ಎಂದೇ ಓದಿಕೊಳ್ಳಿ.

ದೂರಕ್ಕಿಂತ ಮೊದಲು ಯಾವ ಬಾಗಿಲ ಕಡೆ ಎಂದು ನೋಡಿ. ಮತ್ಸುಮೊತೊ ಸ್ಟೇಷನ್ನಿನ ಟಿಕೆಟ್ ಗೇಟು ಮೇಲಂತಸ್ತಿನಲ್ಲಿದೆ. ಹೊರಬಂದರೆ ಪೂರ್ವಕ್ಕೆ ‘ಒಶಿರೊ-ಗುಚಿ’, ಅಂದರೆ ಕೋಟೆ ಕಡೆಯ ದ್ವಾರ. ಪಶ್ಚಿಮಕ್ಕೆ ‘ಆಲ್ಪ್ಸ್-ಗುಚಿ’. ಬಸ್ ಟರ್ಮಿನಲ್, ಹೆಚ್ಚಿನ ಹೋಟೆಲು, ಊಟದ ಅಂಗಡಿಗಳೆಲ್ಲ ಕೋಟೆ ಕಡೆಗಿವೆ. ಆಲ್ಪ್ಸ್ ಕಡೆ ಗದ್ದಲ ಕಡಿಮೆ, ಬಾಡಿಗೆ ಕಾರು ತೆಗೆದುಕೊಳ್ಳುವವರಿಗೆ ಅನುಕೂಲ, ಬೆಳಿಗ್ಗೆ ಮೋಡವಿಲ್ಲದಿದ್ದರೆ ಸ್ಟೇಷನ್ನಿನ ಗಾಜಿನಿಂದಲೇ ಪರ್ವತಸಾಲು ಕಾಣುತ್ತದೆ. ಮೇಲಿನ ದಾರಿ ಎರಡು ಕಡೆಗಳನ್ನೂ ಜೋಡಿಸುವುದರಿಂದ ತಪ್ಪು ಬಾಗಿಲಲ್ಲಿ ಇಳಿದರೂ ಊರು ಸುತ್ತಬೇಕಿಲ್ಲ, ಲಿಫ್ಟಿನಲ್ಲಿ ಮೇಲೆ ಬಂದು ಆಚೆಗೆ ಇಳಿದರಾಯಿತು.

## ಟೋಕಿಯೊದಿಂದ ಹೇಗೆ ಬರುವುದು?

ಟೋಕಿಯೊದ ಶಿಂಜುಕು ಸ್ಟೇಷನ್ನಿನಿಂದ ‘ಅಝುಸಾ’ ಎಂಬ ಲಿಮಿಟೆಡ್ ಎಕ್ಸ್‌ಪ್ರೆಸ್. ಸುಮಾರು 2 ಗಂಟೆ 40 ನಿಮಿಷ, ಸಾಮಾನ್ಯವಾಗಿ 9 ಅಥವಾ 10ನೇ ಪ್ಲಾಟ್‌ಫಾರ್ಮಿನಿಂದ. ಟಿಕೆಟ್ಟಿನಲ್ಲಿ ಎರಡು ಭಾಗ: ಪ್ರಯಾಣದರ ಒಂದು, ಎಕ್ಸ್‌ಪ್ರೆಸ್ ಶುಲ್ಕ ಇನ್ನೊಂದು. ಪ್ರಯಾಣದರಕ್ಕೆ ಮೊದಲೇ ಹಣ ತುಂಬಿಸಿಟ್ಟ ಸುಯಿಕಾ ಕಾರ್ಡ್ ತಟ್ಟಿ ಒಳಗೆ ಹೋಗಬಹುದು, ಎಕ್ಸ್‌ಪ್ರೆಸ್ ಶುಲ್ಕದ ಟಿಕೆಟ್ಟನ್ನು ಮಾತ್ರ ಬೇರೆಯಾಗಿ ಕೊಳ್ಳಲೇಬೇಕು. ಅದು ಇಲ್ಲದೆ ಹತ್ತಿದರೆ ರೈಲಿನೊಳಗೆ ಹೆಚ್ಚು ತೆರಬೇಕಾಗುತ್ತದೆ.

2019ರ ಮಾರ್ಚಿನಿಂದ ಅಝುಸಾದಲ್ಲಿ ಕಾಯ್ದಿರಿಸದವರ ಬೋಗಿ ಎಂಬುದೇ ಇಲ್ಲ. ಸೀಟಿನ ಮೇಲ್ಭಾಗದ ಪುಟ್ಟ ದೀಪ ನೋಡಿ: ಕೆಂಪು ಎಂದರೆ ಖಾಲಿ, ಹಳದಿ ಎಂದರೆ ಮುಂದಿನ ಯಾವುದೋ ನಿಲ್ದಾಣದಲ್ಲಿ ಅದರ ಒಡೆಯರು ಹತ್ತುವವರಿದ್ದಾರೆ, ಹಸಿರು ಎಂದರೆ ಮಾರಾಟವಾಗಿದೆ. ನಮ್ಮವರು ಹಸಿರು ಕಂಡು ‘ಕೂರಬಹುದು’ ಎಂದುಕೊಂಡು ಕೂರುತ್ತಾರೆ. ಇಲ್ಲಿ ಅದು ತಲೆಕೆಳಗು.

ಬೆಂಗಳೂರಿನಿಂದ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇಳಿಯುವುದು ನರಿತಾದಲ್ಲಿ. ಅಲ್ಲಿಂದ ನರಿತಾ ಎಕ್ಸ್‌ಪ್ರೆಸ್‌ನಲ್ಲಿ ಶಿಂಜುಕುವಿಗೆ ಹೆಚ್ಚುಕಡಿಮೆ ಒಂದೂವರೆ ಗಂಟೆ. ಇಮಿಗ್ರೇಷನ್, ಲಗೇಜು ಎಲ್ಲ ಸೇರಿ, ವಿಮಾನ ಇಳಿದ ಹೊತ್ತಿಗೂ ಅಝುಸಾ ಹೊರಡುವ ಹೊತ್ತಿಗೂ ನಡುವೆ ಕನಿಷ್ಠ 4 ಗಂಟೆ ಬಿಟ್ಟುಕೊಳ್ಳಿ.

ಶಿಂಜುಕುವಿನ ಬಸ್ ಟರ್ಮಿನಲ್ಲಿನಿಂದ ಹೆದ್ದಾರಿ ಬಸ್ಸೂ ಇದೆ. ಸುಮಾರು 3 ಗಂಟೆ 20 ನಿಮಿಷ, ದರವೂ ಕಡಿಮೆ, ಬಂದು ನಿಲ್ಲುವುದು ಸ್ಟೇಷನ್ ಎದುರಿನ ಟರ್ಮಿನಲ್ಲಿನಲ್ಲೇ. ಭಾನುವಾರ ಸಂಜೆ ಟೋಕಿಯೊಗೆ ಮರಳುವ ಬಸ್ಸನ್ನು ಮಾತ್ರ ನಂಬಬೇಡಿ. ಚುಓ ಹೆದ್ದಾರಿಯಲ್ಲಿ ವಾರಾಂತ್ಯದ ವಾಹನದಟ್ಟಣೆಗೆ ಸಿಕ್ಕರೆ ಗಂಟೆಗಟ್ಟಲೆ ತಡ.

## ಕ್ಯೋಟೊ, ಒಸಾಕಾ ಕಡೆಯಿಂದ?

ಶಿಂಕನ್ಸೆನ್ ಬುಲೆಟ್ ರೈಲಿನಲ್ಲಿ ನಗೋಯಾ, ಅಲ್ಲಿಂದ ‘ಶಿನಾನೊ’ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು 2 ಗಂಟೆ. ಇಲ್ಲಿ ಎರಡು ವಿಷಯ ಕೆಡುತ್ತವೆ. ಒಂದು, ನಗೋಯಾದಲ್ಲಿ ಸುಯಿಕಾ ತಟ್ಟಿ ಹತ್ತಿದರೆ ಮತ್ಸುಮೊತೊದ ಗೇಟು ತೆರೆಯುವುದಿಲ್ಲ. ಎರಡೂ ಕಡೆ ಕಾರ್ಡ್ ನಡೆಯುತ್ತದೆ, ಆದರೆ ಒಂದು ವಲಯದಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುವಂತಿಲ್ಲ. ಆದ್ದರಿಂದ ಕಾಗದದ ಟಿಕೆಟ್ಟನ್ನೇ ಕೊಳ್ಳಿ. ಎರಡು, ಕಿಸೊ ಕಣಿವೆಯ ತಿರುವುಗಳಲ್ಲಿ ವೇಗ ಕಳೆದುಕೊಳ್ಳದಿರಲೆಂದು ಶಿನಾನೊ ರೈಲು ವಾಲುತ್ತಾ ಸಾಗುತ್ತದೆ. ಘಾಟಿ ರಸ್ತೆಯಲ್ಲಿ ವಾಂತಿ ಬರುವವರು ಹತ್ತುವ ಮೊದಲೇ ಮಾತ್ರೆ ನುಂಗಿರಲಿ, ದಾರಿಯಲ್ಲಿ ಮೊಬೈಲ್ ನೋಡದಿರಲಿ.

## ರೂಮು ಎಷ್ಟು ದೊಡ್ಡದಿರುತ್ತದೆ? ಯಾವ ಬಗೆಯದನ್ನು ಬುಕ್ ಮಾಡಬೇಕು?

ಫೋಟೊ ಬಿಟ್ಟು ಚದರ ಮೀಟರ್ ನೋಡಿ. ಸಿಂಗಲ್ ರೂಮು 11ರಿಂದ 15 ಚದರ ಮೀಟರ್. ಸ್ನಾನದ ಕೋಣೆ, ಮಂಚ, ಮೇಜು ಎಲ್ಲ ಅದರೊಳಗೇ. 28 ಇಂಚಿನ ಪೆಟ್ಟಿಗೆಯನ್ನು ನೆಲದ ಮೇಲೆ ತೆರೆದಿಟ್ಟರೆ ಬಾಗಿಲಿಗೆ ಹೋಗಲು ಅದನ್ನು ದಾಟಬೇಕು.

‘ಸೆಮಿ-ಡಬಲ್’ ಎಂಬುದು ದಂಪತಿಗಳನ್ನು ಹೆಚ್ಚು ಬೇಸ್ತು ಬೀಳಿಸುವ ಮಾತು. ಮಂಚದ ಅಗಲ 120 ಸೆಂಟಿಮೀಟರ್ ಆಸುಪಾಸು. ಇಬ್ಬರಿಗೆ ಕೊಡುತ್ತಾರೆ, ಅಗ್ಗವಾಗಿಯೂ ಕಾಣುತ್ತದೆ, ಒಬ್ಬರು ಹೊರಳಿದರೆ ಇನ್ನೊಬ್ಬರು ಎಚ್ಚರ. ‘ಡಬಲ್’ 140ರಿಂದ ಶುರು. ಇಬ್ಬರು ಮೂರು ರಾತ್ರಿ ಉಳಿಯುವುದಿದ್ದರೆ 18 ಚದರ ಮೀಟರಿಗೆ ಕಡಿಮೆಯಿಲ್ಲದ ‘ಟ್ವಿನ್’, ಅಂದರೆ ಎರಡು ಬಿಡಿ ಮಂಚದ ರೂಮು ತೆಗೆದುಕೊಳ್ಳಿ. ವ್ಯತ್ಯಾಸದ ಹಣಕ್ಕೆ ಮೋಸವಿಲ್ಲ.

ಧೂಮಪಾನಿಗಳ ರೂಮು ಈಗಲೂ ಹಲವು ಕಡೆ ಇದೆ, ಕೊನೆ ಗಳಿಗೆಯಲ್ಲಿ ಅಗ್ಗಕ್ಕೆ ಸಿಗುವುದು ಬಹುಪಾಲು ಅದೇ. ಪರದೆ, ಹಾಸಿಗೆಗಳಿಗೆ ಅಂಟಿದ ಹೊಗೆವಾಸನೆ ಏನು ಸಿಂಪಡಿಸಿದರೂ ಹೋಗದು. ಬುಕಿಂಗಿನಲ್ಲಿ ‘ಕಿನ್-ಎನ್’, ಅಂದರೆ ಹೊಗೆರಹಿತ, ಎಂದು ಇದೆಯೇ ನೋಡಿಕೊಳ್ಳಿ.

## ದರ ಯಾವಾಗ ಏರುತ್ತದೆ? ಎಷ್ಟು ಮುಂಚೆ ಬುಕ್ ಮಾಡಬೇಕು?

ಶನಿವಾರ ರಾತ್ರಿ ಯಾವಾಗಲೂ ದುಬಾರಿ, ಭಾನುವಾರ ರಾತ್ರಿ ಸಾಮಾನ್ಯವಾಗಿ ಅಗ್ಗ. ಏಪ್ರಿಲ್ ಕೊನೆಯಿಂದ ಮೇ 5ರ ಆಚೀಚಿನ ಗೋಲ್ಡನ್ ವೀಕ್ ಎಂಬ ಸಾಲು ರಜೆ, ಆಗಸ್ಟ್ ನಡುವಿನ ಒಬೊನ್ ರಜೆ, ಅಕ್ಟೋಬರಿನಲ್ಲಿ ಎಲೆಗಳು ಕೆಂಪೇರುವ ಕಾಲ, ಇವು ಎಲ್ಲರಿಗೂ ಗೊತ್ತಿರುವಂಥವು. ಮತ್ಸುಮೊತೊದ್ದೇ ಆದ ದಿನಗಳು ಬೇರೆ ಇವೆ. ಮೇ ಕೊನೆಯ ವಾರಾಂತ್ಯದ ಕರಕುಶಲ ಮೇಳ, ಆಗಸ್ಟ್ ಮೊದಲ ಶನಿವಾರದ ‘ಬೊನ್‌ಬೊನ್’ ಬೀದಿ ನೃತ್ಯ, ಆಗಸ್ಟ್-ಸೆಪ್ಟೆಂಬರಿನಲ್ಲಿ ನಡೆಯುವ, 1992ರಲ್ಲಿ ಶುರುವಾಗಿ ಈಗ ವಾದ್ಯವೃಂದ ನಿರ್ದೇಶಕ ಸೇಜಿ ಒಜಾವಾ ಹೆಸರಿನಲ್ಲಿರುವ ಸಂಗೀತೋತ್ಸವ. ಇನ್ನೊಂದು ಯಾರೂ ಊಹಿಸದ್ದು: ಫೆಬ್ರವರಿ 25ರಂದು ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ. ಶಿನ್ಶು ವಿಶ್ವವಿದ್ಯಾಲಯ ಇದೇ ಊರಿನಲ್ಲಿರುವುದರಿಂದ, ಚಳಿಗಾಲದಲ್ಲಿ ಖಾಲಿ ಹೊಡೆಯುವ ಹೋಟೆಲುಗಳು ಆ ಮುನ್ನಾದಿನ ಪರೀಕ್ಷೆ ಬರೆಯುವ ಮಕ್ಕಳಿಂದ ತುಂಬಿಹೋಗುತ್ತವೆ.

ಈ ದಿನಗಳಿಗಾದರೆ ಮೂರು ತಿಂಗಳು ಮೊದಲು, ಉಳಿದಂತೆ ಒಂದು ತಿಂಗಳು ಸಾಕು. ವೀಸಾ ಕೈಗೆ ಬರುವವರೆಗೆ ‘ಹಣ ವಾಪಸಿಲ್ಲ’ ಎಂಬ ಅಗ್ಗದ ದರದ ತಂಟೆಗೆ ಹೋಗಬೇಡಿ. ಉಚಿತವಾಗಿ ರದ್ದುಮಾಡಬಹುದಾದ ಬುಕಿಂಗ್ ಮಾಡಿ, ಅರ್ಜಿಯ ದಿನಚರಿಯಲ್ಲಿ ಅದೇ ವಿಳಾಸ ಕೊಡಿ. ಜಪಾನೀ ತಾಣಗಳಲ್ಲಿ ಬುಕ್ ಮಾಡುವಾಗ ದರ ತಲೆಗೋ ರೂಮಿಗೋ ಎಂದು ಗಮನಿಸಿ. ತಲೆಗಿಷ್ಟು ಎಂದು ತೋರಿಸುವ ಕ್ರಮ ಅಲ್ಲಿ ಈಗಲೂ ಇದೆ. ವಸತಿ ತೆರಿಗೆ, ಬಿಸಿನೀರ ಬುಗ್ಗೆಯ ಸ್ನಾನತೆರಿಗೆ ಇದ್ದರೆ ಕೌಂಟರಿನಲ್ಲಿ ಬೇರೆಯಾಗಿ ಕೇಳುತ್ತಾರೆ.

## ಚೆಕ್-ಇನ್‌ನಲ್ಲಿ ಏನೇನು ನಡೆಯುತ್ತದೆ?

ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ ಶುರು. ಜಪಾನಿನಲ್ಲಿ ವಿಳಾಸವಿಲ್ಲದ ವಿದೇಶಿಯರ ರಾಷ್ಟ್ರೀಯತೆ, ಪಾಸ್‌ಪೋರ್ಟ್ ಸಂಖ್ಯೆ ದಾಖಲಿಸಬೇಕೆಂದು ಕಾನೂನಿದೆ. ಪಾಸ್‌ಪೋರ್ಟಿನ ನಕಲು ತೆಗೆದು ಅಲ್ಲೇ ಮರಳಿಸುತ್ತಾರೆ. ಆಧಾರ್, ಫೋನಿನಲ್ಲಿರುವ ಫೋಟೊ ನಡೆಯುವುದಿಲ್ಲ, ಜೊತೆಗೆ ಬಂದ ಪ್ರತಿಯೊಬ್ಬರದೂ ಬೇಕು. ಕೆಲವೆಡೆ ಯಂತ್ರದ ಮುಂದೆ ನೀವೇ ಪಾಸ್‌ಪೋರ್ಟ್ ಇಟ್ಟು, ಹಣ ತುಂಬಿ, ಕೀ ಕಾರ್ಡ್ ಪಡೆಯಬೇಕು. ಹಲ್ಲುಜ್ಜುವ ಬ್ರಷ್, ಬಾಚಣಿಗೆ, ರೇಜರ್, ಚಹಾ ಪೊಟ್ಟಣಗಳನ್ನು ಲಾಬಿಯ ಕಪಾಟಿನಿಂದ ಬೇಕಾದಷ್ಟೇ ತೆಗೆದುಕೊಂಡು ಹೋಗಿ. ರೂಮಿನಲ್ಲಿ ಇಟ್ಟಿರುವುದಿಲ್ಲ.

ರಾತ್ರಿ ತಡವಾಗುತ್ತದೆಂದು ಗೊತ್ತಾದ ಕೂಡಲೇ ಹೋಟೆಲಿಗೆ ತಿಳಿಸಿ. ಬುಕಿಂಗಿನಲ್ಲಿ ಹೇಳಿದ ಸಮಯ ದಾಟಿಯೂ ಸುದ್ದಿಯಿಲ್ಲದಿದ್ದರೆ ‘ಬರಲಿಲ್ಲ’ ಎಂದು ರದ್ದುಮಾಡಿ ಪೂರ್ತಿ ಹಣ ಹಿಡಿಯುವ ಹಕ್ಕು ಅವರಿಗಿರುತ್ತದೆ. ಸಣ್ಣ ಹೋಟೆಲುಗಳಲ್ಲಿ ರಾತ್ರಿ ಕೌಂಟರೇ ಮುಚ್ಚಿರುತ್ತದೆ.

## ಬೆಳಿಗ್ಗೆಯೇ ತಲುಪಿದರೆ ಲಗೇಜು ಎಲ್ಲಿಡುವುದು?

ಹೋಟೆಲಿನಲ್ಲೇ. ಚೆಕ್-ಇನ್‌ಗೆ ಮೊದಲು, ಚೆಕ್-ಔಟ್ ಆದ ಮೇಲೆ, ಎರಡೂ ಬಾರಿ ಅದೇ ದಿನದ ಮಟ್ಟಿಗೆ ಉಚಿತವಾಗಿ ಇಟ್ಟುಕೊಳ್ಳುತ್ತಾರೆ. ‘ನಿಮೊತ್ಸು ಒ ಅಝುಕತ್ತೆ ಕುದಸಾಯ್’ ಎಂದರೆ ಸಾಕು, ಚೀಟಿ ಕೊಡುತ್ತಾರೆ. ಸ್ಟೇಷನ್ನಿನಲ್ಲಿ ನಾಣ್ಯದ ಲಾಕರುಗಳಿವೆ, ಆದರೆ ದೊಡ್ಡವು ಕೆಲವೇ. ರಜಾದಿನಗಳಲ್ಲಿ ಬೆಳಿಗ್ಗೆಯೇ ಮುಗಿದಿರುತ್ತವೆ.

ಮುಂದಿನ ಊರಿಗೆ ಪೆಟ್ಟಿಗೆಯನ್ನೇ ಕಳುಹಿಸುವ ‘ತಕ್ಕ್ಯುಬಿನ್’ ಸೇವೆಯನ್ನು ಒಮ್ಮೆಯಾದರೂ ಬಳಸಿ. ಮತ್ಸುಮೊತೊದಿಂದ ತಕಾಯಾಮಾಗೆ ಬಸ್ಸಿನಲ್ಲಿ ಹೋಗುವವರಿಗೆ, ಕಾಮಿಕೋಚಿಯಲ್ಲಿ ಒಂದು ರಾತ್ರಿ ಉಳಿಯುವವರಿಗೆ ಇದು ವರ. ಕ್ರಮ ಹೀಗೆ: ಬೆಳಿಗ್ಗೆ ಕೌಂಟರಿನಲ್ಲಿ ಅರ್ಜಿ ಕೇಳಿ, ಮುಂದಿನ ಹೋಟೆಲಿನ ವಿಳಾಸ, ಫೋನ್ ಸಂಖ್ಯೆ, ಅಲ್ಲಿ ಬುಕಿಂಗ್ ಇರುವ ಹೆಸರು, ಉಳಿಯುವ ದಿನಾಂಕ ಬರೆಯಿರಿ, ಅಲ್ಲೇ ಹಣ ಕೊಡಿ. ಅಳತೆ ಎಂದರೆ ಉದ್ದ, ಅಗಲ, ಎತ್ತರ ಮೂರನ್ನೂ ಕೂಡಿದ ಮೊತ್ತ. 160 ಸೆಂಟಿಮೀಟರಿನ ಪೆಟ್ಟಿಗೆಗೆ 25 ಕಿಲೊ ಮಿತಿ. ಶುಲ್ಕ ಎರಡರಿಂದ ಮೂರು ಸಾವಿರ ಯೆನ್ ಆಸುಪಾಸು. ತಲುಪುವುದು ಮರುದಿನ, ಅದೇ ದಿನವಲ್ಲ. ಆ ಒಂದು ರಾತ್ರಿಗೆ ಬೇಕಾದ ಬಟ್ಟೆ, ಔಷಧಿ, ಚಾರ್ಜರ್ ಕೈಚೀಲದಲ್ಲಿರಲಿ. ಪಾಸ್‌ಪೋರ್ಟ್, ನಗದು ಪೆಟ್ಟಿಗೆಯಲ್ಲಿ ಹಾಕಬೇಡಿ.

## ನಮ್ಮ ಪ್ಲಗ್ಗುಗಳು ಹೊಂದುತ್ತವೆಯೆ? ಎಸಿ, ಹೀಟರ್ ಹೇಗೆ?

ಹೊಂದುವುದಿಲ್ಲ. ಅಲ್ಲಿ ಎರಡು ಚಪ್ಪಟೆ ಕಡ್ಡಿಯ ಸಾಕೆಟ್ಟು, 100 ವೋಲ್ಟ್. ಫೋನ್, ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ ‘100–240’ ಎಂದಿದ್ದರೆ ಬರೀ ಅಡಾಪ್ಟರ್ ಸಾಕು. ಇಲ್ಲಿಂದ ಒಯ್ದ 230 ವೋಲ್ಟಿನ ಕೆಟಲ್, ಕೂದಲು ನೇರಮಾಡುವ ಯಂತ್ರ ಅಲ್ಲಿ ಬೆಚ್ಚಗಾಗುತ್ತವೆಯೇ ಹೊರತು ಕಾಯುವುದಿಲ್ಲ, ಹೊರುವುದೇ ದಂಡ. ಹೊಸ ಹೋಟೆಲುಗಳಲ್ಲಿ ಬಾಗಿಲ ಬಳಿಯ ಸಂದಿನಲ್ಲಿ ಕೀ ಕಾರ್ಡ್ ಇಟ್ಟರೆ ಮಾತ್ರ ದೀಪ ಉರಿಯುತ್ತದೆ. ತೆಗೆದರೆ ಚಾರ್ಜಿಂಗ್ ಕೂಡ ನಿಲ್ಲಬಹುದು.

ಎಸಿ ವಿಷಯದಲ್ಲಿ ಒಂದು ಎಚ್ಚರಿಕೆ. ಹಳೆಯ ಕಟ್ಟಡಗಳಲ್ಲಿ ಇಡೀ ಹೋಟೆಲಿಗೆ ಒಂದೇ ವ್ಯವಸ್ಥೆ. ಒಂದು ಹೊತ್ತಿನಲ್ಲಿ ಎಲ್ಲ ರೂಮುಗಳಿಗೂ ಬಿಸಿಗಾಳಿ, ಇಲ್ಲವೇ ಎಲ್ಲಕ್ಕೂ ತಂಪು. ಏಪ್ರಿಲ್, ಅಕ್ಟೋಬರಿನಲ್ಲಿ ನಿಮಗೆ ಸೆಕೆಯಾದರೂ ಗುಂಡಿ ಒತ್ತಿದರೆ ಬರುವುದು ಬಿಸಿಗಾಳಿಯೇ. ಅದು ಕೆಟ್ಟಿದೆ ಎಂದು ಕೌಂಟರಿನಲ್ಲಿ ಜಗಳವಾಡಿ ಫಲವಿಲ್ಲ. ಕಿಟಕಿ ತೆರೆಯಿರಿ, ಅಥವಾ ಬುಕ್ ಮಾಡುವಾಗಲೇ ‘ರೂಮಿಗೊಂದು ಬಿಡಿ ಎಸಿ’ ಇದೆಯೇ ನೋಡಿ. ಚಳಿಗಾಲದಲ್ಲಿ ಹೀಟರಿನಿಂದ ಗಂಟಲು ಒಣಗುತ್ತದೆ. ಗಾಳಿಗೆ ತೇವ ಕೊಡುವ ಯಂತ್ರ ಕೇಳಿದರೆ ಕೊಡುತ್ತಾರೆ. ಇಲ್ಲವಾದರೆ ಒದ್ದೆ ಟವೆಲ್ ತೂಗುಹಾಕಿ.

## ರೂಮಿನ ಬಚ್ಚಲು, ದೊಡ್ಡ ಸ್ನಾನಗೃಹ: ಗೊತ್ತಿರಬೇಕಾದ್ದೇನು?

ರೂಮಿನಲ್ಲಿರುವುದು ‘ಯೂನಿಟ್ ಬಾತ್’: ತೊಟ್ಟಿ, ಕಮೋಡ್, ಸಿಂಕ್ ಒಂದೇ ಪ್ಲಾಸ್ಟಿಕ್ ಅಚ್ಚಿನಲ್ಲಿ. ತೊಟ್ಟಿಯೊಳಗೆ ನಿಂತು, ಪರದೆಯ ಅಂಚನ್ನು ತೊಟ್ಟಿಯ ಒಳಕ್ಕೆ ಬಿಟ್ಟು ಸ್ನಾನ ಮಾಡಿ. ಹೊರಗೆ ಬಿಟ್ಟರೆ ನೆಲವೆಲ್ಲ ನೀರು. ತಂಬಿಗೆ ಬೇಕಿಲ್ಲ, ಕಮೋಡಿನಲ್ಲೇ ನೀರು ಚಿಮ್ಮುವ ಗುಂಡಿ ಇದೆ. ನಿಲ್ಲಿಸುವ ಗುಂಡಿ ಯಾವುದೆಂದು ಮೊದಲು ನೋಡಿಟ್ಟುಕೊಳ್ಳಿ.

ಹಲವು ಹೋಟೆಲುಗಳಲ್ಲಿ ‘ದಾಯ್‌ಯೊಕುಜೊ’ ಎಂಬ ಸಾಮೂಹಿಕ ಸ್ನಾನಗೃಹ ಇರುತ್ತದೆ, ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ. ಬಟ್ಟೆ ಪೂರ್ತಿ ತೆಗೆದೇ ಹೋಗಬೇಕು, ಈಜುಡುಗೆಗೂ ಅವಕಾಶವಿಲ್ಲ. ಮೊದಲು ಕುಳಿತು ಸೋಪು ಹಚ್ಚಿ ಮೈ ತೊಳೆದು, ನೊರೆ ಪೂರ್ತಿ ಹೋದ ಮೇಲೆ ತೊಟ್ಟಿಗೆ ಇಳಿಯಿರಿ. ಸಣ್ಣ ಟವೆಲ್ ನೀರಿಗೆ ತಾಗಬಾರದು, ಉದ್ದ ಕೂದಲು ಕಟ್ಟಿರಬೇಕು. ನೀರು 40 ಡಿಗ್ರಿ ದಾಟಿರುತ್ತದೆ, ಮೊದಲ ಸಲ ಐದು ನಿಮಿಷ ಸಾಕು. ಹಚ್ಚೆ ಇದ್ದರೆ ಮೊದಲೇ ಕೇಳಿ. ಮೈಮೇಲಿನ ಸಣ್ಣ ಹಚ್ಚೆಯನ್ನು ಅಂಟುಪಟ್ಟಿಯಿಂದ ಮುಚ್ಚಿದರೆ ಕೆಲವರು ಒಪ್ಪುತ್ತಾರೆ. ಟವೆಲ್ಲನ್ನು ರೂಮಿನಿಂದಲೇ ಒಯ್ಯಬೇಕಾದ ಕಡೆಗಳೇ ಹೆಚ್ಚು. ಸಂಕೋಚವಿರುವವರು ರಾತ್ರಿ 11ರ ಮೇಲೆ ಹೋದರೆ ಬಹುತೇಕ ಖಾಲಿ.

## ಸಸ್ಯಾಹಾರಿಗಳ ಗತಿ ಏನು?

ಕಷ್ಟವಿದೆ, ಉಪವಾಸವಿಲ್ಲ. ತೊಡಕು ಕಣ್ಣಿಗೆ ಕಾಣುವ ಮಾಂಸದಲ್ಲಿಲ್ಲ, ‘ದಾಶಿ’ ಎಂಬ ಸಾರಿನಲ್ಲಿದೆ. ಒಣಗಿಸಿದ ಕತ್ಸುವೊ ಮೀನಿನ ಸೀಳಿನಿಂದ ತೆಗೆದ ಈ ಸಾರು ಮಿಸೊ ಸೂಪ್, ಬೇಯಿಸಿದ ತರಕಾರಿ, ಮೊಟ್ಟೆ ಸುರುಳಿ, ಎಲ್ಲದರಲ್ಲೂ ಸೇರಿರುತ್ತದೆ. ‘ಮೀನು ಇಲ್ಲ’ ಎಂದು ಬಡಿಸುವವರು ಹೇಳಿದರೆ ಸುಳ್ಳಲ್ಲ. ಅವರ ಲೆಕ್ಕದಲ್ಲಿ ದಾಶಿ ಮೀನೇ ಅಲ್ಲ. ಆದ್ದರಿಂದ ‘ನಿಕು ತೊ ಸಕನಾ ನಾಶಿ’, ಮಾಂಸ ಮೀನು ಬೇಡ, ಎನ್ನುವುದರ ಜೊತೆ ‘ಕತ್ಸುವೊ ದಾಶಿ ಮೊ ದಮೆ’, ಕತ್ಸುವೊ ಸಾರೂ ಆಗದು, ಎಂದು ಸೇರಿಸಿ. ಇದನ್ನು ಜಪಾನೀ ಲಿಪಿಯಲ್ಲಿ ಬರೆಸಿ ಫೋನಿನಲ್ಲಿಟ್ಟುಕೊಂಡು ತೋರಿಸುವುದು ಇನ್ನೂ ಒಳ್ಳೆಯದು.

ಮತ್ಸುಮೊತೊ ಸೊಬಾ ಊರು. ಹುರುಳಿಯಂಥ ಕಂದು ಬಣ್ಣದ ಈ ಶ್ಯಾವಿಗೆಯನ್ನು ಬಕ್‌ವೀಟ್, ಅಂದರೆ ಉತ್ತರ ಭಾರತದವರು ಕುಟ್ಟು ಎನ್ನುವ ಕಾಳಿನ ಹಿಟ್ಟಿನಿಂದ ಮಾಡುತ್ತಾರೆ. ‘ಜುವಾರಿ’ ಎಂದರೆ ಪೂರ್ತಿ ಬಕ್‌ವೀಟ್, ‘ನಿಹಾಚಿ’ ಎಂದರೆ ಎಂಟು ಪಾಲಿಗೆ ಎರಡು ಪಾಲು ಗೋಧಿ. ಬಿದಿರ ತಟ್ಟೆಯಲ್ಲಿ ತಣ್ಣಗೆ ಕೊಡುವ ‘ಜಾರು ಸೊಬಾ’ದ ಶ್ಯಾವಿಗೆ ಸಸ್ಯಾಹಾರವೇ, ಅದ್ದಿಕೊಳ್ಳುವ ‘ತ್ಸುಯು’ವಿನಲ್ಲಿ ಮಾತ್ರ ದಾಶಿ. ಉಪ್ಪು ಅಥವಾ ಬರಿಯ ಸೋಯಾ ಸಾಸ್, ಜೊತೆಗೆ ಈರುಳ್ಳಿ ಹೂವಿನಂಥ ಹಸಿರು, ವಸಾಬಿ ಕೇಳಿ ಪಡೆದು ತಿನ್ನಬಹುದು, ರುಚಿಯೂ ಚೆನ್ನ. ಬಕ್‌ವೀಟ್ ಅಲರ್ಜಿ ಇದ್ದವರು ಈ ಅಂಗಡಿಗಳತ್ತ ಸುಳಿಯಬೇಡಿ, ಶ್ಯಾವಿಗೆ ಬೇಯಿಸಿದ ನೀರಿನ ಹಬೆಯೂ ಕೆಲವರಿಗೆ ಆಗದು.

ನಾಗಾನೊದ ‘ಒಯಾಕಿ’ ಎಂಬ ಹೂರಣದ ಬನ್ನಿನಲ್ಲಿ ಕುಂಬಳ, ಅಝುಕಿ ಕಾಳಿನ ಸಿಹಿ, ನೊಝಾವಾನಾ ಸೊಪ್ಪು ಸಿಗುತ್ತವೆ. ಸಿಹಿ ಹೂರಣದ್ದು ನಿರಾತಂಕ, ಖಾರದ್ದರಲ್ಲಿ ದಾಶಿ ಇರಬಹುದು, ಕೇಳಿ. ಇಲ್ಲಿನ ಮೆನುಗಳಲ್ಲಿ ಕಾಣುವ ‘ಬಸಾಶಿ’, ‘ಸಕುರಾ ನಿಕು’ ಎಂಬವು ಕುದುರೆ ಮಾಂಸ. ‘ಸಕುರಾ’ ಹೂವಿನ ಹೆಸರು ಕೇಳಿ ಮೋಸಹೋಗಬೇಡಿ. ‘ಸಂಜೊಕು-ಯಾಕಿ’ ಎಂದರೆ ದೊಡ್ಡ ತುಂಡಿನ ಕರಿದ ಕೋಳಿ.

ಸೂಪರ್ ಮಾರ್ಕೆಟ್ ಮತ್ತು 24 ಗಂಟೆಯ ಅಂಗಡಿಗಳಲ್ಲಿ ಬಾಳೆಹಣ್ಣು, ಸೇಬು, ಮೊಸರು, ತೋಫು, ಬೇಯಿಸಿದ ಎದಾಮಾಮೆ ಎಂಬ ಎಳೆ ಸೋಯಾ ಕಾಯಿ, ಮೈಕ್ರೋವೇವಿನಲ್ಲಿ ಎರಡು ನಿಮಿಷಕ್ಕೆ ಬಿಸಿಯಾಗುವ ಅನ್ನದ ಡಬ್ಬಿ ಸಿಗುತ್ತವೆ. ಜಪಾನೀ ಕರಿ ಪೊಟ್ಟಣಗಳಲ್ಲಿ ‘ತರಕಾರಿ’ ಎಂದಿದ್ದರೂ ದನದ ಅಥವಾ ಹಂದಿಯ ಕೊಬ್ಬು ಇರುವುದು ಮಾಮೂಲು. ಫೋನಿನ ಕ್ಯಾಮೆರಾ ಅನುವಾದದಿಂದ ಪಟ್ಟಿ ಓದಿ. ಊರಿನಿಂದ ಎಂಟಿಆರ್‌ನ ಬಿಸಿನೀರು ಹಾಕುವ ಉಪ್ಪಿಟ್ಟು, ಅವಲಕ್ಕಿ ಕಪ್ಪುಗಳು, ಚಟ್ನಿಪುಡಿ ಒಯ್ದರೆ ಬೆಳಗಿನ ಚಿಂತೆ ತಪ್ಪುತ್ತದೆ. ತಾಜಾ ಕರಿಬೇವು, ಮಾವಿನಹಣ್ಣು, ಹಸಿಮೆಣಸಿನಕಾಯಿ ಒಯ್ಯಬೇಡಿ, ಸಸ್ಯ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ. ಮಾಂಸದ ಯಾವ ತಿನಿಸೂ ನಿಷಿದ್ಧ. ರೂಮಿನ ಕೆಟಲ್ ನೀರಿಗಷ್ಟೇ. ಅದರಲ್ಲಿ ಹಾಲು, ನೂಡಲ್ಸ್ ಕುದಿಸಿದರೆ ದಂಡ ಬೀಳಬಹುದು. ಮೈಕ್ರೋವೇವ್ ಸಾಮಾನ್ಯವಾಗಿ ಕಾರಿಡಾರಿನಲ್ಲಿರುತ್ತದೆ, ಅಲ್ಯೂಮಿನಿಯಂ ಪೊಟ್ಟಣವನ್ನು ಹಾಗೇ ಅದರೊಳಗಿಡಬೇಡಿ. ಊದುಬತ್ತಿ ಹಚ್ಚುವುದಂತೂ ಬೇಡವೇ ಬೇಡ, ಹೊಗೆ ಪತ್ತೆಮಾಡುವ ಸಾಧನ ಕೂಗಿಕೊಳ್ಳುತ್ತದೆ.

## ಬೆಳಗಿನ ಉಪಾಹಾರ ಸೇರಿಸಿಕೊಳ್ಳಬೇಕೆ?

ಮಾಂಸಾಹಾರಿಗಳಿಗೆ ಲಾಭ. ಶುದ್ಧ ಸಸ್ಯಾಹಾರಿಗಳಿಗೆ ಅನ್ನ, ಬ್ರೆಡ್ಡು, ಸಲಾಡು, ಹಣ್ಣು, ಕಾಫಿ ಇಷ್ಟೇ ಉಳಿಯುತ್ತದೆ. ಸಾವಿರದೈನೂರು ಯೆನ್ ಕೊಟ್ಟು ತಿನ್ನುವಂಥದ್ದಲ್ಲ. ತೊಯೊಕೊ ಇನ್‌ನಂಥ ಸರಪಳಿಗಳಲ್ಲಿ ದರದಲ್ಲೇ ಸೇರಿರುತ್ತದೆ, ಅಲ್ಲಿ ಸರಿ. ದೋರ್ಮಿ ಇನ್ ಹೋಟೆಲುಗಳಲ್ಲಿ ರಾತ್ರಿ ಉಚಿತವಾಗಿ ಕೊಡುವ ‘ಸೊಬಾ’ ನಿಜಕ್ಕೂ ರಾಮೆನ್, ಅದರ ಸಾರು ಸಸ್ಯಾಹಾರವಲ್ಲ. ಕಾಮಿಕೋಚಿಗೆ ಹೋಗುವ ದಿನ ಉಪಾಹಾರ ಶುರುವಾಗುವ ಮುನ್ನವೇ ನೀವು ಹೊರಟಿರುತ್ತೀರಿ, ಆ ದಿನಕ್ಕೆ ಹಣ ಕಟ್ಟಬೇಡಿ.

## ಸ್ಟೇಷನ್ನಿನಿಂದ ಕೋಟೆಗೆ ದಾರಿ, ಸಮಯ?

ಒಶಿರೊ ದ್ವಾರದಿಂದ ಪೂರ್ವಕ್ಕೆ ನಡೆದು, ದೊಡ್ಡ ರಸ್ತೆ ಸಿಕ್ಕಾಗ ಎಡಕ್ಕೆ ತಿರುಗಿ. ಮೆತೊಬಾ ನದಿಯ ಸೆನ್ಸಾಯ್ ಸೇತುವೆ ದಾಟಿ ನೇರ ಹೋದರೆ ಕಂದಕ ಎದುರಾಗುತ್ತದೆ. 15ರಿಂದ 20 ನಿಮಿಷ. ಸೇತುವೆಗೆ ಮುಂಚೆ ಬಲಕ್ಕೆ ಹೋದರೆ ಕಪ್ಪು ಬಿಳುಪು ಗೋಡೆಯ ಹಳೆ ಉಗ್ರಾಣಗಳ ನಕಾಮಾಚಿ ಬೀದಿ, ದಾಟಿದ ಮೇಲೆ ನದಿಯಂಚಿಗೆ ಕಪ್ಪೆ ಗೊಂಬೆಗಳ ನವಾತೆ ಬೀದಿ. ಹೋಗುವಾಗ ಇವುಗಳಲ್ಲಿ ಕಾಲ ಕಳೆಯಬೇಡಿ, ಅಂಗಡಿಗಳು ತೆರೆಯುವುದೂ ತಡವಾಗಿ. ಮೊದಲು ಕೋಟೆ.

ಕೋಟೆ ತೆರೆಯುವುದು ಬೆಳಿಗ್ಗೆ 8:30ಕ್ಕೆ, ಮುಚ್ಚುವುದು ಸಂಜೆ 5ಕ್ಕೆ, ಕೊನೆಯ ಪ್ರವೇಶ 4:30. ಡಿಸೆಂಬರ್ 29ರಿಂದ 31 ರಜೆ. ಟೋಕಿಯೊದಿಂದ ಅದೇ ದಿನ ಬಂದವರು ಹತ್ತೂವರೆ ಹನ್ನೊಂದರ ಮೇಲೆ ಗುಂಪಾಗಿ ಬರುತ್ತಾರೆ, ಗೋಲ್ಡನ್ ವೀಕ್‌ನಲ್ಲಿ ಗೋಪುರದ ಸರದಿ ಗಂಟೆಗಟ್ಟಲೆ. ಊರಲ್ಲೇ ಉಳಿದವರಿಗೆ 8:15ಕ್ಕೆ ಬಾಗಿಲಲ್ಲಿ ನಿಲ್ಲುವ ಅನುಕೂಲ ಇದೆಯಲ್ಲ, ಅದನ್ನು ಬಳಸಿಕೊಳ್ಳಿ. ಗೋಪುರಕ್ಕೆ ಚಪ್ಪಲಿ ಬಿಚ್ಚಿ ಚೀಲದಲ್ಲಿ ಹಿಡಿದುಕೊಂಡು ಹತ್ತಬೇಕು, ಚಳಿಗಾಲದಲ್ಲಿ ಮರದ ನೆಲ ಕೊರೆಯುತ್ತದೆ, ದಪ್ಪ ಕಾಲುಚೀಲ ಹಾಕಿ. ಹೊರಗಿನಿಂದ ಐದು ಅಂತಸ್ತು ಕಂಡರೂ ಒಳಗೆ ಆರು ಮಹಡಿ. ಕಿಟಕಿಯಿಲ್ಲದ ಮೂರನೆಯದು ಹೊರಗಿನವರಿಗೆ ಕಾಣುವುದಿಲ್ಲ.

ಕಂದಕದ ಹೊರಗಿನ ದಾರಿ ರಾತ್ರಿಯೂ ತೆರೆದಿರುತ್ತದೆ, 10ರವರೆಗೆ ದೀಪವಿರುತ್ತದೆ, ಶುಲ್ಕವಿಲ್ಲ.

## ಮಂಡಿನೋವಿರುವ ಅಪ್ಪ ಅಮ್ಮ, ಸಣ್ಣ ಮಕ್ಕಳು ಜೊತೆಗಿದ್ದರೆ?

ಗೋಪುರದ ಮೆಟ್ಟಿಲುಗಳಲ್ಲಿ ಅತಿ ಕಡಿದಾದದ್ದು 61 ಡಿಗ್ರಿ. ಅಟ್ಟದ ಏಣಿ ಎನ್ನಿ. ಲಿಫ್ಟ್ ಇಲ್ಲ. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ, ಸೀರೆ ಉಟ್ಟವರಿಗಂತೂ ಇನ್ನೂ ಕಷ್ಟ. ಹಿರಿಯರನ್ನು ಒಳ ಅಂಗಳದ ತೋಟದಲ್ಲಿ ಕೂರಿಸಿ, ಕೋಟೆಯ ಅತ್ಯುತ್ತಮ ನೋಟ ಸಿಗುವುದು ಹೇಗೂ ಅಲ್ಲಿಂದಲೇ. ಊರೊಳಗೆ ಸುತ್ತಲು ‘ಟೌನ್ ಸ್ನೀಕರ್’ ಎಂಬ ಪುಟ್ಟ ಬಸ್ಸು ಸ್ಟೇಷನ್ ಬಳಿಯಿಂದ ಹೊರಡುತ್ತದೆ. ಚಿಲ್ಲರೆ ಇಟ್ಟುಕೊಂಡಿರಿ.

ಮಕ್ಕಳನ್ನು ಬುಕಿಂಗಿನಲ್ಲಿ ಲೆಕ್ಕಕ್ಕೆ ಸೇರಿಸಲೇಬೇಕು, ಹಾಸಿಗೆ ಬೇಡವಾದರೂ. ಅಪ್ಪ ಅಮ್ಮನ ಜೊತೆ ಒಂದೇ ಹಾಸಿಗೆಯಲ್ಲಿ ಮಲಗುವ ಮಗುವಿಗೆ ಶುಲ್ಕ ಎಷ್ಟು ವಯಸ್ಸಿನವರೆಗೆ ಇಲ್ಲ ಎಂಬುದು ಹೋಟೆಲಿನಿಂದ ಹೋಟೆಲಿಗೆ ಬೇರೆ. ‘ಒಂದು ಮಂಚಕ್ಕೆ ಒಂದೇ ಮಗು’ ಎಂಬ ನಿಯಮ ಮಾತ್ರ ಸಾಮಾನ್ಯ. ಹೇಳದೆ ಕರೆದುಕೊಂಡು ಹೋದರೆ ಇನ್ನೊಂದು ರೂಮು ತೆಗೆದುಕೊಳ್ಳಿ ಎನ್ನಬಹುದು.

## ಕಾಮಿಕೋಚಿಗೆ ಇಲ್ಲಿಂದ ಹೋಗಿ ಅದೇ ದಿನ ಬರಬಹುದೆ?

ಧಾರಾಳವಾಗಿ. 1,500 ಮೀಟರ್ ಎತ್ತರದ ಈ ಕಣಿವೆಗೆ ಖಾಸಗಿ ಕಾರುಗಳಿಗೆ ಪ್ರವೇಶವಿಲ್ಲ. ತೆರೆದಿರುವುದು ಏಪ್ರಿಲ್ ನಡುವಿನಿಂದ ನವೆಂಬರ್ 15ರವರೆಗೆ ಮಾತ್ರ. ಮತ್ಸುಮೊತೊ ಸ್ಟೇಷನ್ನಿನ 7ನೇ ಪ್ಲಾಟ್‌ಫಾರ್ಮಿನಿಂದ ಕಾಮಿಕೋಚಿ ಲೈನಿನ ಪುಟ್ಟ ರೈಲಿನಲ್ಲಿ 30 ನಿಮಿಷಕ್ಕೆ ಶಿನ್-ಶಿಮಾಶಿಮಾ, ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಗೆ ಸ್ವಲ್ಪ ಹೆಚ್ಚು. ರೈಲು ಬಸ್ಸು ಎರಡೂ ಸೇರಿದ ಟಿಕೆಟ್ಟನ್ನು ಹಿಂದಿನ ಸಂಜೆಯೇ ಕೊಂಡಿಡಿ. ಇದು ಜಪಾನಿನ ಪ್ರಮುಖ ರೈಲು ಸಂಸ್ಥೆಯಾದ ಜೆಆರ್‌ನದ್ದಲ್ಲ, ಜೆಆರ್ ಪಾಸ್ ನಡೆಯುವುದಿಲ್ಲ.

ಕೆಡುವುದು ಮರಳುವಾಗ. ಕೊನೆಯ ಬಸ್ಸು ಸಂಜೆಯೇ ಹೊರಟುಬಿಡುತ್ತದೆ, ಅಕ್ಟೋಬರಿನ ವಾರಾಂತ್ಯಗಳಲ್ಲಿ ಮಧ್ಯಾಹ್ನದಿಂದಲೇ ಸಾಲು. ಬೆಳಿಗ್ಗೆ ಇಳಿದ ತಕ್ಷಣ, ಕಪ್ಪಾ ಸೇತುವೆಯ ಕಡೆ ಹೊರಡುವ ಮೊದಲು, ಬಸ್ ನಿಲ್ದಾಣದಲ್ಲೇ ಮರಳುವ ಬಸ್ಸನ್ನು ಖಚಿತ ಮಾಡಿಕೊಳ್ಳಿ. ಕಣಿವೆ ಊರಿಗಿಂತ ಏಳೆಂಟು ಡಿಗ್ರಿ ತಣ್ಣಗಿರುತ್ತದೆ. ಮಳೆ ಕೋಟು, ಬೆಚ್ಚಗಿನ ಅಂಗಿ, ತಿಂಡಿ ಜೊತೆಗಿರಲಿ, ಕಸ ಹಾಕಲು ಬುಟ್ಟಿ ಸಿಗದು, ಚೀಲವೂ ಇರಲಿ.

## ಚಳಿಗಾಲದಲ್ಲಿ ಬರಬಹುದೆ?

ಬರಬಹುದು. ಆಲ್ಪ್ಸ್ ಅತ್ಯಂತ ಸ್ಪಷ್ಟವಾಗಿ ಕಾಣುವುದು ಆಗಲೇ, ರೂಮೂ ಅಗ್ಗ. ಹಿಮ ಹೆಚ್ಚು ಬೀಳುವುದಿಲ್ಲ, ಚಳಿ ಮಾತ್ರ ಜೋರು: ಜನವರಿ ಮುಂಜಾನೆ ಸೊನ್ನೆಗಿಂತ 5 ಡಿಗ್ರಿ ಕೆಳಗೆ, ಒಮ್ಮೊಮ್ಮೆ 10. ಹಗಲು ಕರಗಿದ ನೀರು ರಾತ್ರಿ ಕಾಲುದಾರಿಯಲ್ಲಿ ಗಾಜಿನಂತೆ ಹೆಪ್ಪುಗಟ್ಟುತ್ತದೆ. ನುಣುಪು ಅಡಿಯ ಶೂ ಬೇಡ. ಸ್ಟೇಷನ್ನಿಗೆ ಅತಿ ಹತ್ತಿರದ ಹೋಟೆಲಿಗೆ ಹೆಚ್ಚು ಹಣ ಕೊಡುವುದು ಸಾರ್ಥಕವಾಗುವ ಕಾಲ ಇದೇ.

## ಹಣ, ಬಟ್ಟೆ ಒಗೆಯುವುದು, ಕುಡಿಯುವ ನೀರು?

ವೀಸಾ, ಮಾಸ್ಟರ್‌ಕಾರ್ಡ್ ಹೋಟೆಲುಗಳಲ್ಲಿ ನಡೆಯುತ್ತವೆ. ಸಣ್ಣ ಸೊಬಾ ಅಂಗಡಿ, ಬಸ್ಸುಗಳಿಗೆ ನಗದು ಬೇಕು. ಹೊರಡುವ ಮುನ್ನ ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ತೆರೆದಿಡಿ, ಸೆವೆನ್-ಇಲೆವೆನ್ ಅಂಗಡಿಗಳ ಎಟಿಎಂನಲ್ಲಿ ಯೆನ್ ಸಿಗುತ್ತದೆ. ಟಿಪ್ಸ್ ಕೊಡುವ ಪದ್ಧತಿ ಇಲ್ಲ.

ವಾಷಿಂಗ್ ಮಷೀನು, ಡ್ರೈಯರು ಹೋಟೆಲಿನಲ್ಲೇ ಇರುತ್ತವೆ, 100 ಯೆನ್ ನಾಣ್ಯಗಳು ಬೇಕು. ಡ್ರೈಯರಿಗೆ ಒಂದು ನಾಣ್ಯಕ್ಕೆ 20ರಿಂದ 30 ನಿಮಿಷ, ಜೀನ್ಸ್ ಇದ್ದರೆ ಮೂರು ನಾಣ್ಯ. ರಾತ್ರಿ 9ರಿಂದ 11ರವರೆಗೆ ಎಲ್ಲರಿಗೂ ಅದೇ ಬೇಕು, ಬೆಳಿಗ್ಗೆ 6ಕ್ಕೆ ಖಾಲಿ. ನಲ್ಲಿ ನೀರನ್ನೇ ಕುಡಿಯಿರಿ. ಊರಿನಲ್ಲಿ ಬುಗ್ಗೆ ಬಾವಿಗಳೂ ಅಲ್ಲಲ್ಲಿವೆ, ನಕಾಮಾಚಿಯಿಂದ ದಕ್ಷಿಣಕ್ಕಿರುವ ಗೆಂಚಿ ಬಾವಿಯಲ್ಲಿ ಊರವರು ಕ್ಯಾನು ಹಿಡಿದು ನೀರು ತುಂಬಿಸಿಕೊಳ್ಳುತ್ತಾರೆ. ನಿಮ್ಮ ಬಾಟಲಿಗೂ ತುಂಬಿಸಿಕೊಳ್ಳಬಹುದು.

## ಚೆಕ್-ಔಟ್ ಎಷ್ಟು ಹೊತ್ತಿಗೆ? ಸ್ವಲ್ಪ ತಡವಾದರೆ?

10 ಅಥವಾ 11 ಗಂಟೆ, ಹೋಟೆಲಿನ ಮೇಲೆ. ಹತ್ತು ನಿಮಿಷ ದಾಟಿದರೂ ಫೋನು ಬರುತ್ತದೆ, ಮೀರಿದರೆ ಗಂಟೆಗೆ ಸಾವಿರ ಯೆನ್ ಲೆಕ್ಕದಲ್ಲಿ ಹಿಡಿಯುವವರಿದ್ದಾರೆ. ತಡವಾಗಿ ಹೊರಡುವ ಯೋಚನೆಯಿದ್ದರೆ ಹಿಂದಿನ ರಾತ್ರಿಯೇ ಕೇಳಿ ಹಣ ಕಟ್ಟಿ. ಮಧ್ಯಾಹ್ನದ ಅಝುಸಾ ಹಿಡಿಯುವವರು ಹತ್ತಕ್ಕೆ ರೂಮು ಬಿಟ್ಟು, ಪೆಟ್ಟಿಗೆಯನ್ನು ಕೌಂಟರಿನಲ್ಲಿಟ್ಟು, ನಕಾಮಾಚಿ ಮತ್ತು ನವಾತೆ ಬೀದಿಗಳನ್ನು ಆಗ ಸುತ್ತಲಿ, ಅಂಗಡಿಗಳು ತೆರೆಯುವ ಹೊತ್ತೂ ಅದೇ. ರೈಲಿಗೆ 30 ನಿಮಿಷ ಮೊದಲು ಹೋಟೆಲಿಗೆ ಮರಳಿದರೆ ಸಾಕು. ಮಂಚದ ಪಕ್ಕದ ಸಾಕೆಟ್ಟಿನಲ್ಲಿ ಅಡಾಪ್ಟರ್ ಉಳಿದಿದೆಯೇ ನೋಡಿ.